ಧಾರವಾಡದಲ್ಲಿ ಅತಿಸೂಕ್ಷ್ಮ ವಿಜ್ಞಾನದ ವ್ಯಾಸಂಗ

ಗವಾಕ್ಷಿಯಿಂದ ಒಳಬರುವ ಬಿಸಿಲಕೋಲಿನಲ್ಲಿ ತೇಲಾಡುವ ಧೂಳಿನ ಕಣವನ್ನು ವೈಶೇಷಿಕರು ತ್ರ್ಯಣುಕವೆಂದು ಕರೆದರು. ಕಣ್ಣಿಗೆ ಗೋಚರವಾಗುವ ವಸ್ತುಗಳಲ್ಲಿ ಅದೇ ಅತ್ಯಲ್ಪವಾದದ್ದು. ಅದರೊಳಗಿನ ದ್ವ್ಯಣುಕ, ಪರಮಾಣುಗಳು ಅನುಮಾನಪ್ರಮಾಣದಿಂದ ಸಿದ್ಧವಾಗತಕ್ಕವು ಎಂಬದು ಅವರ ಮತ. ಪಾಠಶಾಲೆಯಲ್ಲಿ ತರ್ಕವನ್ನು ಓದಿದವರಿಗೆಲ್ಲ ಇದು ಪರಿಚಿತವೇ. ಹೀಗೆ ಅನುಮಾನಕ್ಕೆ ಮಾತ್ರ ಎಟುಕುತ್ತಿದ್ದ ಪರಮಾಣುವಿನ ಆಕೃತಿಯನ್ನು ಚಿತ್ರರೂಪವಾಗಿ ಕಾಣಿಸುವ ಯಂತ್ರವೊಂದನ್ನು ಬಿನ್ನಿಗ್ ಮತ್ತು ರೋರರ್ ಎಂಬ ಪಂಡಿತರು 1981ರಲ್ಲಿ ಜ್ಯೂರಿಕ್ ಪಟ್ಟಣದಲ್ಲಿ ನಿರ್ಮಿಸಿದರು. ಸೂಜಿಯ ಮೊನೆಯನ್ನು ವಸ್ತುವಿಗೆ ತಗಲಗೊಡದೆ ಅದರ ಮೇಲೆ ಸರಿಸುತ್ತ, ನಡುವೆ ಹರಿಯುವ ವಿದ್ಯುತ್ತನ್ನು ಅಳೆಯುವದೇ ಅದರ ಮರ್ಮ. 1986ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು.

ಈ ವಿದ್ಯೆಗೆ ನ್ಯಾನೊ ವಿಜ್ಞಾನವೆಂದು ಹೆಸರು. ಗ್ರೀಕ ಭಾಷೆಯಲ್ಲಿ ಆ ಶಬ್ದಕ್ಕೆ ಕುಬ್ಜನೆಂದರ್ಥ. ಮೀಟರಿನ ನೂರು ಕೋಟಿ ಭಾಗಗಳಲ್ಲಿ ಒಂದು ಭಾಗವೇ ನ್ಯಾನೊಮೀಟರು. ವಸ್ತುವು ಇಷ್ಟು ಕಿರಿದಾದಾಗ ಅದರ ಗುಣವೇ ಬೇರೆಯಾಗುವದು. ಹಳದಿಯ ಚಿನ್ನವನ್ನು ಹತ್ತಿಪ್ಪತ್ತು ನ್ಯಾನೊಮೀಟರಿನ ಕಣಗಳನ್ನಾಗಿಸಿ ನೀರಿನಲ್ಲಿ ತೇಲಿಸಿದರೆ ಆ ನೀರು ಮಾಣಿಕ್ಯದಂತೆ ಕೆಂಪಾಗಿ ಕಾಣುವದು. 1857ರಷ್ಟು ಹಿಂದೆಯೇ ಫ್ಯಾರಡೆಯು ಇದನ್ನು ಪರೀಕ್ಷಿಸಿದ್ದನು. ಇನ್ನೊಂದು ಲೆಕ್ಕವನ್ನು ನೋಡಬಹುದು. ಪ್ರತಿ ಬದಿಗೆ ಒಂದು ಸೆಂಟಿಮೀಟರಿನ ಘನವೊಂದರ ಮೇಲ್ಮೈ ಕೇವಲ 6 ಚದರ ಸೆಂಟಿಮೀಟರು. ಅದನ್ನೇ ಒಂದೊಂದು ನ್ಯಾನೊಮೀಟರಿನ ತುಂಡುಗಳಾಗಿ ಮಾಡಿದರೆ ಎಲ್ಲದರ ಮೇಲ್ಮೈ ಕೂಡಿ 6000 ಚದರ ಮೀಟರು, ಎಂದರೆ ಸುಮಾರು ಒಂದೂವರೆ ಎಕರೆ ಹೊಲದಷ್ಟಾಗುವದು! ಔಷಧದಲ್ಲಿಯೂ ನೀರಿನ ಶುದ್ಧೀಕರಣದಲ್ಲಿಯೂ ಇಂಥ ಕಣಗಳಿಗೆ ಬೆಲೆ ಬಂದದ್ದಕ್ಕೆ ಇದೊಂದು ಮುಖ್ಯ ಕಾರಣ.

ಸ್ವರ್ಣಭಸ್ಮದಲ್ಲಿ ಇಂಥ ಕಣಗಳುಂಟೆಂಬದನ್ನು ಈಚಿನ ಪರೀಕ್ಷೆಗಳು ತೋರಿಸಿವೆ. ಅಷ್ಟರಿಂದ ಪ್ರಾಚೀನರು ಈ ಶಾಸ್ತ್ರವನ್ನೆಲ್ಲ ಬಲ್ಲರೆಂದು ಸಾರುವದು ಮಾತ್ರ ಯುಕ್ತವಲ್ಲ; ಪುಟವಿಟ್ಟವರ ಕೌಶಲವು ದೊಡ್ಡದು, ಆದರೆ ಅಳತೆಯು ಅವರದಲ್ಲ.

ಇಂಥ ವಿದ್ಯೆಯು ಧಾರವಾಡಕ್ಕೆ ಬಂದದ್ದು ಒಮ್ಮೆಲೇ ಅಲ್ಲ. 1917ಕ್ಕಿಂತ ಮೊದಲು ಈ ಭಾಗದ ತರುಣರು ಉಚ್ಚ ಶಿಕ್ಷಣಕ್ಕಾಗಿ ಪುಣೆ, ಮುಂಬಯಿಗಳಿಗೆ ಹೋಗಬೇಕಾಗುತ್ತಿತ್ತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದ ಮಹನೀಯರು ಪಟ್ಟ ಶ್ರಮದಿಂದ ಆ ವರ್ಷ ಕರ್ನಾಟಕ ಕಾಲೇಜು ತೆರೆಯಿತು. ಆದರೆ ಕಾಲೇಜು ಇದ್ದ ಮಾತ್ರಕ್ಕೆ ಹಳ್ಳಿಯ ಬಡಹುಡುಗನ ಹೊಟ್ಟೆ ತುಂಬುವದೆ? ಅನ್ನವಸತಿಗಳ ಭಾರವನ್ನು ಮುರುಘಾಮಠದ ಶ್ರೀ ಮೃತ್ಯುಂಜಯ ಮಹಾಸ್ವಾಮಿಗಳವರಂಥವರು ಹೊತ್ತರು. ಪ್ರಸಾದನಿಲಯದ ಪಂಕ್ತಿಯಲ್ಲಿ ಉಂಡು ಕಲಿತ ಮಕ್ಕಳನ್ನು ಮರೆತು ಈ ಪ್ರಾಂತದ ವಿದ್ಯೆಯ ಇತಿಹಾಸವನ್ನು ಬರೆಯಲಾಗದು.

ಮುಂದೆ 1947ರಲ್ಲಿ ಹುಬ್ಬಳ್ಳಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜೂ, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಸ್ಥಾಪಿತವಾದವು. ಕೇಂಬ್ರಿಜ್ಜಿನ ರ‍್ಯಾಂಗ್ಲರರಾದ ಡಿ. ಸಿ. ಪಾವಟೆಯವರು 1954ರಿಂದ 1967ರ ವರೆಗೆ ಕುಲಪತಿಗಳಾಗಿದ್ದು, ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ವಿದ್ಯಾನಗರವನ್ನೇ ಎಬ್ಬಿಸಿದರು. 2007ರಲ್ಲಿ ಕೇಂದ್ರ ಸರಕಾರವು ಕನ್ನಡಿಗರಾದ ಸಿ. ಎನ್. ಆರ್. ರಾವ್ ಅವರ ಮುಂದಾಳುತನದಲ್ಲಿ ನ್ಯಾನೊ ಯೋಜನೆಯನ್ನು ಆರಂಭಿಸಿತು. 2016ರಲ್ಲಿ ಐ.ಐ.ಟಿ.ಯು ಧಾರವಾಡದ ವಾಲ್ಮಿಯ ಕಟ್ಟಡಗಳಲ್ಲಿ ಮೊದಲುಗೊಂಡಿತು.

ಅತ್ಯಲ್ಪ ವಸ್ತುವನ್ನು ಅಳೆಯಲು ಅತಿ ದೊಡ್ಡ ವೆಚ್ಚದ ಉಪಕರಣಗಳು ಬೇಕು. ಅಂಥವು ವಿಶ್ವವಿದ್ಯಾಲಯದ ಉಪಕರಣ ಕೇಂದ್ರದಲ್ಲಿವೆ. ವಿದ್ಯಾರ್ಥಿಯು ತಾನು ಸಿದ್ಧಪಡಿಸಿದ ಚಿಟಿಕೆ ಪುಡಿಯನ್ನು ಕ್ಷಕಿರಣಕ್ಕೆ ಒಡ್ಡಿ, ಮೂಡುವ ರೇಖೆಗಳ ಅಗಲದಿಂದ ಕಣದ ಗಾತ್ರವನ್ನು ಗಣಿಸುವನು. ಕಣವು ಕಿರಿದಾದಷ್ಟೂ ರೇಖೆಯು ಅಗಲ. ಇದೂ ಒಂದು ಅನುಮಾನವೇ ಎಂದು ತಾರ್ಕಿಕರು ನುಡಿದರೆ ತಪ್ಪಿಲ್ಲ.

ಆದರೆ ಒಂದು ತೊಡಕು ಉಳಿದಿದೆ. ಊರ ಶಾಲೆಯಲ್ಲಿ ಅಣು, ಪರಮಾಣು, ಧಾತುಗಳೆಂದು ಕಲಿತು ಬಂದ ಹುಡುಗನೂ ಹುಡುಗಿಯೂ ಇಲ್ಲಿ ಅದೆಲ್ಲವನ್ನು ಇಂಗ್ಲೀಷಿನಲ್ಲಿ ಹೊಸದಾಗಿ ಕಲಿಯಬೇಕು. ಊಟದ ಚಿಂತೆಯನ್ನು ಹಿಂದಿನವರು ನೀಗಿದರು. ಈ ಎರಡನೆಯ ಹೊರೆಯನ್ನು ಮಕ್ಕಳು ತಾವೇ ಹೊತ್ತು ನಡೆದಿದ್ದಾರೆ.