ಆಟಕ್ಕುಂಟು, ಲೆಕ್ಕಕ್ಕಿಲ್ಲವೇ?

ಯಾವಾಗಲೂ ದನಿಯಲ್ಲಿ ಸಿಗುವ ನಾನು ಈ ಸಲ ಅಕ್ಷರದಲ್ಲಿ ಸಿಕ್ಕಿದ್ದೇನೆ. ಮೊನ್ನೆ ತಾಂಬರಂನಿಂದ ಬೀಚ್ ಕಡೆ ಹೋಗುವ ಲೋಕಲ್ ಟ್ರೈನಿನಲ್ಲಿ ಎದುರು ಸೀಟಿನಲ್ಲಿ ಇಬ್ಬರು ಕೂತಿದ್ದರು. ಕಾಲೇಜು ಹುಡುಗ ಫೋನನ್ನು ಅಡ್ಡ ಹಿಡಿದು ಗುಂಡು ಹಾರಿಸುತ್ತಿದ್ದ. ಪಕ್ಕದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಬಣ್ಣದ ಮಿಠಾಯಿಗಳನ್ನು ಸಾಲುಗೂಡಿಸುತ್ತಿದ್ದರು. "ನೀವೂ ವಿಡಿಯೋ ಗೇಮ್ ಆಡ್ತೀರಾ?" ಎಂದು ನನಗೆ ಬರುವ ತಮಿಳಿನಲ್ಲಿ ಕೇಳಿದೆ. "ಅಯ್ಯೋ, ಇಲ್ಲಪ್ಪ! ಇದು ಸುಮ್ಮಾ, ಟೈಂಪಾಸ್" ಅಂದರು.

ತಮಿಳಿನ ಆ 'ಸುಮ್ಮಾ' ನಮ್ಮ 'ಸುಮ್ಮನೆ'ಯೇ ಅಲ್ಲವೇ? ಆ ಹುಡುಗನನ್ನು ಕೇಳಿದ್ದರೆ ಅವನು ಸುಮ್ಮನೆ ಎನ್ನುತ್ತಿರಲಿಲ್ಲ. ತನ್ನ ರ‍್ಯಾಂಕ್ ಎಷ್ಟೆಂದು ಹೇಳುತ್ತಿದ್ದ. ಸುಮ್ಮನೆ ಆಡುವವರು ಮತ್ತು ಸವಾಲಿಗೆ ಆಡುವವರು ಎಂಬ ಈ ಎರಡು ಪಂಗಡ ಹೇಗೆ ಹುಟ್ಟಿತು? ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ.

ಪರದೆ ಬರುವ ಮೊದಲೂ ಇವರಿದ್ದರು. ಮಧ್ಯಾಹ್ನ ಹುಣಿಸೆಬೀಜ ಹಿಡಿದು ಅಳಗುಳಿಮಣೆಯ ಮುಂದೆ ಕೂತ ಅಜ್ಜಿಯರು ಒಂದು ಕಡೆ. ಇನ್ನೊಂದು ಕಡೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಹೋದ ಮೇಲೆ ದೊರೆಗೆ ಬಿಡುವು ಬೇಕಾದಷ್ಟಿತ್ತು. ಅವರು ಹೊಸ ಹೊಸ ಮಣೆಯಾಟಗಳನ್ನು ಕಲ್ಪಿಸಿದರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಲೆಕ್ಕಗಳನ್ನು ಕಟ್ಟಿದರು. 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೆಂದೇ 'ಕೌತುಕನಿಧಿ' ಎಂಬ ಭಾಗವಿದೆ. ಕಾಲ ಕಳೆಯಲು ಕೂತವರು ಕಷ್ಟವನ್ನೇ ಹುಡುಕಿಕೊಂಡು ಹೋದರು ನೋಡಿ.

ನಮ್ಮ ಚೆನ್ನೈನಲ್ಲಿ ಇದಕ್ಕೆ ಇನ್ನೊಂದು ಅಧ್ಯಾಯವಿದೆ. 1972ರಲ್ಲಿ ಮ್ಯಾನುಯೆಲ್ ಆರನ್ ಅವರು ಇಲ್ಲಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ತಾಲ್ ಚೆಸ್ ಕ್ಲಬ್ ಕಟ್ಟಿದರು. ಬಾಲಕ ವಿಶ್ವನಾಥನ್ ಆನಂದ್ ಪಳಗಿದ್ದು ಅಲ್ಲಿಯೇ. ಮಿಂಚಿನ ಆಟದಲ್ಲಿ ಗೆದ್ದವನು ಕುರ್ಚಿ ಬಿಡಬೇಕಿಲ್ಲ, ಸೋತವನು ಎದ್ದು ಸಾಲಿನ ಕೊನೆಗೆ ಹೋಗಬೇಕು. ಮುಂದೆ 1991ರಲ್ಲಿ 'ಸ್ಟ್ರೀಟ್ ಫೈಟರ್ 2' ಬಂದಾಗ ಪ್ರಪಂಚದ ಆರ್ಕೇಡುಗಳಲ್ಲಿ ನಡೆದದ್ದೂ ಇದೇ ಕಾನೂನು!

ಆರ್ಕೇಡಿನಲ್ಲಿ ಕಷ್ಟಕ್ಕೆ ಇನ್ನೊಂದು ಕಾರಣವಿತ್ತು. ಅದು ನಾಣ್ಯ. ಆಟಗಾರ ಬೇಗ ಸತ್ತಷ್ಟೂ ಅಂಗಡಿಯವನ ಡಬ್ಬಿ ಬೇಗ ತುಂಬುತ್ತದೆ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ಮಾಡಿದ 'ಸ್ಪೇಸ್ ಇನ್ವೇಡರ್ಸ್'ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ಓಟ ಜೋರಾಗುತ್ತದೆ. ಹಾಗೆ ಬೇಕೆಂದು ಮಾಡಿದ್ದಲ್ಲ. ಚಿತ್ರಿಸಬೇಕಾದ ಗೊಂಬೆಗಳು ಕಡಿಮೆಯಾದಾಗ ಯಂತ್ರವೇ ಚುರುಕಾಗುತ್ತಿತ್ತು. ಅವರು ಅದನ್ನು ಹಾಗೇ ಉಳಿಸಿಕೊಂಡರು. ಎರಡೇ ವರ್ಷದಲ್ಲಿ, 1980ರಲ್ಲಿ, ತೊರು ಇವಾತಾನಿ 'ಪ್ಯಾಕ್-ಮ್ಯಾನ್' ತಂದರು. ಗಂಡುಹುಡುಗರೇ ತುಂಬಿದ್ದ ಆ ಅಂಗಡಿಗಳಿಗೆ ಹೆಂಗಸರೂ ಜೋಡಿಗಳೂ ಬರಲೆಂದು ಕೊಲ್ಲುವ ಬದಲು ತಿನ್ನುವ ಆಟ ಮಾಡಿದೆ ಎಂದು ಅವರೇ ಹೇಳಿದ್ದಾರೆ. ಅಂದರೆ 'ಸುಮ್ಮನೆ' ಆಡುವವರಿಗೆ ಬಾಗಿಲು ತೆರೆದದ್ದು ಮೊಬೈಲ್ ಕಾಲದಲ್ಲಲ್ಲ!

ಈಗ ನಮ್ಮ ಮನೆಗೆ ಬರುತ್ತೇನೆ. ನಾನು ಬೆಳೆದದ್ದು ಮೈಸೂರಿನಲ್ಲಿ. ತೊಂಬತ್ತರ ದಶಕದ ಕೊನೆಗೆ ಚೆನ್ನೈನ ಮಾವ ರಿಚಿ ಸ್ಟ್ರೀಟಿನಿಂದ ಟಿ.ವಿ.ಗೆ ಸಿಕ್ಕಿಸುವ ವಿಡಿಯೋ ಗೇಮ್ ತಂದುಕೊಟ್ಟರು. ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿತ್ತು. ಒಳಗೆ ಇದ್ದದ್ದು ಹತ್ತೋ ಹನ್ನೆರಡೋ, ಉಳಿದದ್ದೆಲ್ಲ ಅವುಗಳದ್ದೇ ಪುನರಾವರ್ತನೆ. ಅದರಲ್ಲಿ 'ಕಾಂಟ್ರಾ' ಒಂದು. ಸಿಗುವುದು 3 ಜೀವ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿದರೆ 30 ಜೀವ! ನಾನು ಒತ್ತುತ್ತಿದ್ದೆ, ಅಣ್ಣ ಒತ್ತುತ್ತಿರಲಿಲ್ಲ. 8ನೇ ಹಂತದ ಕೊನೆಯ ರಾಕ್ಷಸನನ್ನು ನಾನು ಕೊಂದ ದಿನ ಅವನು ಬಾಗಿಲಲ್ಲಿ ನಿಂತು, "ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅಂದ. ನಾನು ಅತ್ತೆ. ಒಂದು ವಾರ ನಮ್ಮಿಬ್ಬರಿಗೂ ಮಾತಿರಲಿಲ್ಲ.

ಆ ಗುಟ್ಟಿನ ಹುಟ್ಟು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. 1986ರಲ್ಲಿ ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊತೊ 'ಗ್ರೇಡಿಯಸ್' ಎಂಬ ಆಟವನ್ನು ಮನೆಯ ಯಂತ್ರಕ್ಕೆ ಇಳಿಸುತ್ತಿದ್ದರು. ಪರೀಕ್ಷೆ ಮಾಡಲು ಕೊನೆವರೆಗೂ ಆಡಬೇಕಲ್ಲ, ಅವರ ಕೈಲಿ ಆಗಲಿಲ್ಲ. ತಮಗೆ ಅನುಕೂಲವಾಗಲೆಂದು ಈ ಗುಂಡಿಗಳ ಸಾಲನ್ನು ಸೇರಿಸಿಕೊಂಡರು, ಅದು ಆಟದಲ್ಲೇ ಉಳಿದುಬಿಟ್ಟಿತು. ನಂತರ 'ಕಾಂಟ್ರಾ'ಕ್ಕೂ ಬಂತು. ಆಟ ಮಾಡಿದವರಿಗೇ ಆಟ ಕಷ್ಟವಾಗಿತ್ತು! ಹಾಶಿಮೊತೊ 2020ರಲ್ಲಿ ತೀರಿಕೊಂಡರು. ಆ ಸುದ್ದಿಯನ್ನು ಅಣ್ಣನಿಗೆ ಕಳಿಸಿದೆ. "ಆದ್ರೂ ಲೆಕ್ಕಕ್ಕಿಲ್ಲ" ಎಂದು ಉತ್ತರ ಬಂತು.

1997ರಲ್ಲಿ ನೋಕಿಯಾ 6110 ಫೋನಿನೊಳಗೆ ತಾನೆಲಿ ಅರ್ಮಾಂತೊ ಬರೆದ ಹಾವು ಹರಿದಾಡತೊಡಗಿತು. ಆ ಫೋನುಗಳು ನಮ್ಮ ದೇಶದಲ್ಲಿ ಬೇಗ ಮನೆಮಾತಾದವು. ಚೆನ್ನೈ ಪಕ್ಕದ ಶ್ರೀಪೆರಂಬದೂರಿನಲ್ಲೇ ನೋಕಿಯಾ ಕಾರ್ಖಾನೆ 2006ರಿಂದ 2014ರವರೆಗೆ ನಡೆಯಿತು. ವಿಡಿಯೋ ಗೇಮ್ ಎಂದರೆ ಮೂಗು ಮುರಿಯುತ್ತಿದ್ದ ಅಮ್ಮ ರಾತ್ರಿ ಅಡುಗೆಮನೆ ತೊಳೆದು ಬಂದು ಗೋಡೆಗೊರಗಿ ಹಾವು ಆಡುತ್ತಿದ್ದರು. ಕೇಳಿದರೆ "ಸುಮ್ನೆ ಕಣೋ" ಎನ್ನುವರು. ಒಮ್ಮೆ ನಾನು ಅವರ ಸ್ಕೋರನ್ನು ದಾಟಿಬಿಟ್ಟೆ. ಅಮ್ಮ ಏನೂ ಅನ್ನಲಿಲ್ಲ. ಮೂರನೆಯ ದಿನ ಬೆಳಗ್ಗೆ ಕಾಫಿ ಲೋಟದ ಪಕ್ಕ ಫೋನಿಟ್ಟು ಹೋದರು. ನನಗಿಂತ ಮುನ್ನೂರು ಹೆಚ್ಚಿತ್ತು! ಹಾಗಿದ್ದರೆ ಅಮ್ಮನನ್ನು ಯಾವ ಪಂಗಡಕ್ಕೆ ಸೇರಿಸುತ್ತೀರಿ, ಹೇಳಿ ನೋಡೋಣ?

ಜಗಳ ಇನ್ನೂ ಮುಗಿದಿಲ್ಲ. 2011ರ 'ಡಾರ್ಕ್ ಸೋಲ್ಸ್' ಸೋಲನ್ನೇ ರುಚಿಯಾಗಿ ಬಡಿಸಿ ಹೆಸರಾಯಿತು. 2018ರ 'ಸೆಲೆಸ್ಟ್' ಅಷ್ಟೇ ಕಠಿಣ, ಆದರೆ ಬೇಕಾದವರು ವೇಗ ತಗ್ಗಿಸಿಕೊಳ್ಳಬಹುದು. ಮರುವರ್ಷ 'ಸೆಕಿರೊ' ಬಂದಾಗ, ಸುಲಭದ ದಾರಿ ಕೊಡಬೇಕೇ ಬೇಡವೇ ಎಂದು ದೊಡ್ಡ ರಂಪವೇ ಆಯಿತು. ಕೈ ಸರಿಯಾಗಿ ಆಡದವರು, ಕಣ್ಣು ಮಂದವಾದವರು ಏನು ಮಾಡಬೇಕು ಎಂಬ ಪ್ರಶ್ನೆಯೂ ಅದರಲ್ಲಿತ್ತು. ನನಗಂತೂ ಆ ಪ್ರಶ್ನೆಯ ಮುಂದೆ ಅಣ್ಣನಂಥವರ ವಾದ ನಿಲ್ಲುವುದಿಲ್ಲ. ಪಕ್ಕದವರಿಗೆ 30 ಜೀವ ಸಿಕ್ಕರೆ ನಿಮ್ಮ 3 ಜೀವದ ಗೆಲುವು ಕರಗುತ್ತದೆಯೇ? ನಮ್ಮಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದಾಟವನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಬೇರೆ, ಮನರಂಜನೆಯ ಆಟ ಬೇರೆ ಎಂದು ಗೆರೆ ಎಳೆದು ಎರಡಕ್ಕೂ ಜಾಗ ಕೊಟ್ಟಿತು. ಲೆಕ್ಕಕ್ಕೆ ಇಬ್ಬರೂ ಬಂದರು.

ಅಂದಹಾಗೆ, ಟ್ರೈನಿನ ಆ ಅಮ್ಮ ಗಿಂಡಿಯಲ್ಲಿ ಸೋತು ಫೋನನ್ನು ಚೀಲಕ್ಕೆ ಹಾಕಿದರು. ಸೈದಾಪೇಟೆ ಬರುವಷ್ಟರಲ್ಲಿ ಮತ್ತೆ ತೆಗೆದರು. ಮಾಂಬಲಂನಲ್ಲಿ ಇಳಿಯಬೇಕಾಗಿತ್ತಂತೆ, ತಲೆಯೆತ್ತಿದಾಗ ಕೋಡಂಬಾಕ್ಕಂ ಬಂದಿತ್ತು.