ಟೂ ಸ್ಟ್ರೋಕ್ ಎಂಜಿನ್ನೂ ಗುರುತು ಸಿಗದ ಬಿಡಿಭಾಗಗಳೂ

ಹಳೆಯ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಓಡಾಡುವ ಮುಖ್ಯ ಭಾಗಗಳು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ವಾಲ್ವ್ ಇಲ್ಲ, ಟ್ಯಾಪೆಟ್ ಇಲ್ಲ. ಇಷ್ಟು ಸರಳವಾಗಿದ್ದರೂ ಫೋರ್ ಸ್ಟ್ರೋಕಿನಲ್ಲಿ ಕೈ ಪಳಗಿದ ಮೆಕ್ಯಾನಿಕ್ಕನ್ನು ತಬ್ಬಿಬ್ಬು ಮಾಡುವ ಭಾಗಗಳು ಇದರಲ್ಲಿ ಸಿಗುತ್ತವೆ. ವಾಲ್ವ್ ಮಾಡಬೇಕಾದ ಕೆಲಸವನ್ನು ಇಲ್ಲಿ ಪಿಸ್ಟನ್, ಬೋರಿನ ಕಿಂಡಿಗಳು ಮತ್ತು ಕ್ರ್ಯಾಂಕ್‌ಕೇಸ್ ಹಂಚಿಕೊಂಡಿವೆ. ಆ ಹಂಚಿಕೆ ಕಾಲಕಾಲಕ್ಕೆ ಬದಲಾಗಿದೆ. ಹಾಗಾಗಿ ಗುಜರಿ ಅಂಗಡಿಯಲ್ಲಿ ಸಿಕ್ಕ ಭಾಗ ಯಾವ ಕಾಲದ್ದೆಂದು ತಿಳಿದರೆ, ಅದು ಏನೆಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆಯೇ.

ಕ್ರ್ಯಾಂಕ್‌ಕೇಸನ್ನೇ ಪಂಪಿನಂತೆ ಬಳಸುವ ಎಂಜಿನ್ ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ ಅವರದು. 1890ರ ದಶಕದ ಆರಂಭದ್ದು. ಅದರಲ್ಲಿ ಉಳಿದಿದ್ದ ವಾಲ್ವನ್ನೂ ತೆಗೆದು, ಪಿಸ್ಟನ್ನಿನ ಅಂಚೇ ಕಿಂಡಿ ತೆರೆದು ಮುಚ್ಚುವಂತೆ ಮಾಡಿದವನು ಅವರ ಕೈಕೆಳಗಿದ್ದ ಫ್ರೆಡರಿಕ್ ಕಾಕ್. ಕಾಕ್‌ನ ಹೆಸರು ಹೊರಗೆ ಅಷ್ಟಾಗಿ ಕೇಳಿಸದಿದ್ದರೂ ಮುಂದಿನ ಟೂ ಸ್ಟ್ರೋಕ್ ಬೈಕುಗಳು ಸಾಗಿದ್ದು ಅವನ ದಾರಿಯಲ್ಲೇ. ಈ ವ್ಯವಸ್ಥೆಯಲ್ಲಿ ಒಂದು ತೊಡಕಿತ್ತು. ಒಳಬರುವ ಹೊಸ ಮಿಶ್ರಣ ನೇರವಾಗಿ ಎದುರಿನ ಸೈಲೆನ್ಸರ್ ಕಿಂಡಿಯಿಂದ ಹೊರಗೆ ಹೋಗಿಬಿಡುತ್ತಿತ್ತು. ಅದನ್ನು ತಡೆದು ಮೇಲಕ್ಕೆ ತಿರುಗಿಸಲು ಪಿಸ್ಟನ್ನಿನ ನೆತ್ತಿಯ ಮೇಲೆ ದಿಬ್ಬದಂಥ ಗೋಡೆಯೊಂದನ್ನು ಎಬ್ಬಿಸಿದರು. ಇಂದು ಆ ಡುಬ್ಬದ ಪಿಸ್ಟನ್ ಕೈಗೆ ಸಿಕ್ಕರೆ ಎರಕದಲ್ಲಿ ಕೆಟ್ಟ ಮಾಲು ಎಂದು ಎಸೆಯುವವರೇ ಹೆಚ್ಚು.

ಅದೇ ಕಾಲದ ಹೆಡ್ಡಿನಲ್ಲಿ ಸ್ಪಾರ್ಕ್ ಪ್ಲಗ್ಗಿನದಲ್ಲದೆ ಇನ್ನೊಂದು ಮರೆಯ ತೂತು ಇರುವುದುಂಟು. ಅದು ಎರಡನೆಯ ಪ್ಲಗ್ಗಿನದಲ್ಲ, ಡಿಕಂಪ್ರೆಸರ್‌ನದು: ಕಿಕ್ ಹೊಡೆಯುವಾಗ ಒತ್ತಡ ಬಿಟ್ಟುಕೊಡುವ, ಕೆಲವು ಬೈಕುಗಳಲ್ಲಿ ಎಂಜಿನ್ ನಿಲ್ಲಿಸಲೂ ಬಳಕೆಯಾಗುತ್ತಿದ್ದ ಪುಟ್ಟ ವಾಲ್ವ್. ಪಿಸ್ಟನ್ನಿನ ರಿಂಗ್ ಕೂರುವ ತೋಡಿನಲ್ಲಿ ಕಾಣುವ ಗುಂಡುಸೂಜಿಯ ತಲೆಯಷ್ಟು ಪಿನ್ ಕೂಡ ಟೂ ಸ್ಟ್ರೋಕಿನ ಗುರುತೇ. ರಿಂಗ್ ತಿರುಗಿ ಅದರ ಬಾಯಿ ಕಿಂಡಿಗೆ ಸಿಕ್ಕಿಕೊಂಡರೆ ಮುರಿಯುತ್ತದೆ. ಪಿನ್ ಅದನ್ನು ತಿರುಗದಂತೆ ಹಿಡಿದಿಡುತ್ತದೆ. ಕ್ರ್ಯಾಂಕಿನ ತುದಿಯ ಆಯಿಲ್ ಸೀಲು ಇಲ್ಲಿ ತಡೆಯುವುದು ಆಯಿಲನ್ನಷ್ಟೇ ಅಲ್ಲ, ಗಾಳಿಯನ್ನೂ. ಸೀಲು ಸವೆದ ಎಂಜಿನ್ ಎಷ್ಟು ಕಿಕ್ ಹೊಡೆದರೂ ಸರಿಯಾಗಿ ಸ್ಟಾರ್ಟ್ ಆಗದು.

ಪಿಸ್ಟನ್ನಿನ ಡುಬ್ಬ ಹೋದದ್ದು ಜರ್ಮನಿಯ ಅಡಾಲ್ಫ್ ಶ್ನ್ಯೂರ್ಲೆ ಅವರಿಂದ. ಮಿಶ್ರಣ ಒಳನುಗ್ಗುವ ಕಿಂಡಿಗಳನ್ನು ಓರೆಯಾಗಿ ಕೊರೆದರೆ ಅದು ತಾನೇ ಸುತ್ತು ಹಾಕಿ ಮೇಲೇರುತ್ತದೆ, ಗೋಡೆ ಬೇಕಿಲ್ಲ ಎಂಬುದನ್ನು ಅವರು 1920ರ ದಶಕದಲ್ಲಿ ತೋರಿಸಿದರು. ಡಿಕೆಡಬ್ಲ್ಯು ಕಂಪನಿ 1930ರ ದಶಕದ ಆರಂಭದಲ್ಲಿ ಅದನ್ನು ಬೈಕಿಗೆ ತಂದಿತು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಕಥೆಯಲ್ಲಿ ಈ ಎರಡೂ ಕಾಲಗಳಿವೆ. 1929ರಲ್ಲಿ ವಾಂಡರರ್ ಕಂಪನಿಯ ದುಬಾರಿ 500 ಸಿಸಿ ಬೈಕಿನಿಂದ ಆರಂಭಿಸಿದ ಸ್ಥಾಪಕ ಯಾನೆಚೆಕ್, 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ ಕೂರಿಸಿದ ಅಗ್ಗದ 175 ಸಿಸಿ ಬೈಕು ತಂದಮೇಲೆಯೇ ಕಂಪನಿ ಚಿಗುರಿದ್ದು. ಯುದ್ಧ ಮುಗಿದ ಮೇಲೆ 1946ರಲ್ಲಿ ಹೊರಬಂದ 250 ಸಿಸಿ ಪೇರಾಕ್, ಮುಂದೆ ಮೈಸೂರಿಗೆ ಬಂದ ಜಾವಾದ ಹಿರಿಯಜ್ಜ.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಹುಟ್ಟಿದ್ದು 1960ರ ಹೊತ್ತಿಗೆ, ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರ ಸಾಹಸದಿಂದ. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಿಂದ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು. 1978ರಲ್ಲಿ ರೋಡ್ ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹೆಸರು ಬದಲಾದರೂ 250ರ ಬೋರು 65 ಮಿಲಿಮೀಟರ್, ಸ್ಟ್ರೋಕ್ 75 ಮಿಲಿಮೀಟರ್ ಹಾಗೇ ಉಳಿದವು.

ಈ ಎಂಜಿನ್ನಿನ ಅತಿ ವಿಚಿತ್ರ ಭಾಗಗಳಿರುವುದು ಪಕ್ಕದ ಕವರುಗಳೊಳಗೆ. ಜಾವಾದಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಅಲ್ಲ, ಇದ್ದದ್ದು ಒಂದೇ. ಲಿವರನ್ನು ಎಂಜಿನ್ನಿನತ್ತ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದಮೇಲೆ ಮುಂದಕ್ಕೆ ಮಡಚಿದರೆ ಗೇರ್. ಅದಕ್ಕಾಗಿ ಒಂದರೊಳಗೊಂದು ಕೂರುವ ಎರಡು ಶಾಫ್ಟು ಬೇಕಾದವು. ಇದಕ್ಕಿಂತ ಜಾಣತನದ್ದು ಕ್ಲಚ್ಚಿನ ಏರ್ಪಾಡು. ಕಾಲಿನಿಂದ ಗೇರ್ ಲಿವರ್ ಒತ್ತುತ್ತಿದ್ದಂತೆ ಒಳಗಿನ ಕ್ಯಾಮ್ ಮೊದಲು ರಾಡನ್ನು ತಳ್ಳಿ ಕ್ಲಚ್ ಪ್ಲೇಟುಗಳನ್ನು ಬಿಡಿಸುತ್ತದೆ, ಆಮೇಲೆ ಗೇರ್ ಬೀಳುತ್ತದೆ. ಓಡುವಾಗ ಗೇರ್ ಬದಲಿಸಲು ಕೈಯಲ್ಲಿ ಕ್ಲಚ್ ಹಿಡಿಯಲೇಬೇಕೆಂದಿರಲಿಲ್ಲ. ವಾಲ್ವೇ ಇಲ್ಲದ ಎಂಜಿನ್ನಿನ ಪಕ್ಕದಲ್ಲಿ ಸಿಕ್ಕ ಕ್ಯಾಮ್ ಏನೆಂದು ಕೇಳುವವರಿಗೆ ಇದೇ ಉತ್ತರ.

ಜಾವಾದ ಕೀ ಕೂಡ ಹೀಗೇ ದಾರಿ ತಪ್ಪಿಸುತ್ತದೆ. ಹಲ್ಲುಗಳಿಲ್ಲದ ಮೊಳೆಯಂಥ ಕಡ್ಡಿ ಅದು. ಡಬ್ಬಿಯ ತಳದಲ್ಲಿ ಸಿಕ್ಕರೆ ಕೀ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಎರಡು ಸೈಲೆನ್ಸರ್ ಬಾಯಿಗಳಿರುವ ಸಿಲಿಂಡರ್ ಇನ್ನೊಂದು ಮೋಸ. 250ರದ್ದು ಒಂದೇ ಸಿಲಿಂಡರ್, ಆದರೆ ಹೊಗೆ ಎರಡು ದಾರಿಗೆ ಒಡೆದು ಎರಡು ಸೈಲೆನ್ಸರಿನಿಂದ ಹೋಗುತ್ತದೆ.

ಇಂಥ ಭಾಗಗಳ ಜಾತಕ ತಿಳಿಯಲು ಮೊದಲ ಸಾಧನ ಎರಕದ ಮೇಲಿನ ಅಂಕಿ. ಜಾವಾದ ಭಾಗಸಂಖ್ಯೆಯ ಮೊದಲ ಮೂರು ಅಂಕಿಗಳು ಮಾದರಿಯನ್ನು ಸೂಚಿಸುತ್ತವೆ: 353 ಎಂದರೆ 250 ಸಿಸಿ, 354 ಎಂದರೆ 350, 355 ಎಂದರೆ 125, 356 ಎಂದರೆ 175. ಆದರೆ ಅದು ಆ ಭಾಗವನ್ನು ಮೊದಲು ರೂಪಿಸಿದ ಮಾದರಿ, ಕೊನೆಗೆ ಕೂತ ಮಾದರಿಯಲ್ಲ. ನಂತರದ 559ರಲ್ಲೂ 353ರ ಭಾಗಗಳು ಮುಂದುವರಿದವು.

ಅಂಕಿ ಸವೆದಿದ್ದರೆ ವರ್ನಿಯರ್ ಹಿಡಿಯಬೇಕು. 52 ಮಿಲಿಮೀಟರ್ ಬೋರು 125ರದ್ದು, 65 ಮಿಲಿಮೀಟರಿನದು 250ರದ್ದು. ತಲೆನೋವು 58 ಮಿಲಿಮೀಟರಿನದು. 175ರ ಒಂಟಿ ಸಿಲಿಂಡರಿಗೂ 350ರ ಜೋಡಿ ಸಿಲಿಂಡರಿಗೂ ಬೋರು 58, ಸ್ಟ್ರೋಕ್ 65. ಅಳತೆಯೊಂದನ್ನೇ ನಂಬಿದರೆ ತಪ್ಪುವುದು ಇಲ್ಲೇ. ಗಡ್ಜನ್ ಪಿನ್ನಿನ ಜಾಗ, ರಿಂಗುಗಳ ಸಂಖ್ಯೆ, ಕೆಳಗಿನ ಅಂಚಿನ ಕತ್ತರಿಕೆ ಇವನ್ನೂ ಹೋಲಿಸಬೇಕು. 65.50ರಂಥ ವಿಚಿತ್ರ ಅಳತೆ ಬಂದರೆ ಬೇರೆ ಮಾದರಿ ಎಂದು ಹುಡುಕಬೇಕಿಲ್ಲ. ಅದು ಬೋರ್ ಮಾಡಿಸಿದ ಎಂಜಿನ್ನಿಗೆ ಹಾಕಿದ ಓವರ್‌ಸೈಜ್ ಪಿಸ್ಟನ್.

ಕಾರ್ಖಾನೆ ಮುಚ್ಚಿದ ಮೇಲಿನ ಭಾಗಗಳು ಇನ್ನೂ ಕಷ್ಟ. ಅಸಲಿ ಮಾಲು ಸಿಗದಾದಾಗ ಲೇತ್ ಅಂಗಡಿಗಳಲ್ಲಿ ಬುಷ್, ಪಿನ್, ರಾಡುಗಳನ್ನು ಕಡೆಸಿಕೊಂಡವರಿದ್ದಾರೆ, ಬೇರೆ ಬೈಕಿನ ಭಾಗವನ್ನು ಉಜ್ಜಿ ಕೂರಿಸಿದವರೂ ಇದ್ದಾರೆ. ಇವುಗಳ ಮೇಲೆ ಅಂಕಿಯಿಲ್ಲ, ಯಾವ ಪಾರ್ಟ್ಸ್ ಪುಸ್ತಕದಲ್ಲೂ ಚಿತ್ರವಿಲ್ಲ. ಎಲ್ಲಿ ಸವೆದಿದೆ, ಎಲ್ಲಿ ಹೊಳಪು ಬಂದಿದೆ ಎಂದು ನೋಡಿ ಅದು ಯಾವುದಕ್ಕೆ ಉಜ್ಜುತ್ತಿತ್ತು ಎಂದು ಊಹಿಸಬೇಕು. ಬಿಚ್ಚಿದ ಎಂಜಿನ್ನಿನಲ್ಲಿ ಅಂಥದ್ದೇ ಸವೆತದ ಜೋಡಿ ಗುರುತು ಸಿಕ್ಕ ಜಾಗದಲ್ಲಿ ಇಟ್ಟು ನೋಡಬೇಕು.