ದರ್ಶನಗಳ ಸತ್ಯನಿರ್ಣಯವೂ ಕಲ್ಲೆಹದ ಬಸುವಿಸೆಟ್ಟಿಯೂ

ದಶಲಕ್ಷಣ ಪರ್ವದ ದಿನಗಳಲ್ಲಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಶ್ರಾವಕ ಕುಟುಂಬಗಳು ಸ್ವಾಧ್ಯಾಯಕ್ಕೆ ಕುಳಿತಾಗ ಕಾಲೇಜಿಗೆ ಹೋಗುವ ಮಕ್ಕಳಿಂದ ಒಂದು ಪ್ರಶ್ನೆ ಏಳುವುದು ಸಹಜ. ಒಂದು ಪಕ್ಕದ ಮನೆಯಲ್ಲಿ ಶಿವಪೂಜೆ, ಇನ್ನೊಂದು ಪಕ್ಕದಲ್ಲಿ ವಿಷ್ಣುಪೂಜೆ, ಎದುರಿನಲ್ಲಿ ನಮಾಜು, ಅದರಾಚೆ ಬೈಬಲ್ಲಿನ ಪಠಣ. ಎಲ್ಲರೂ ತಮ್ಮದನ್ನೇ ನಿಜವೆಂದು ನಂಬಿದವರು. ಹಾಗಿದ್ದ ಮೇಲೆ ನಿಜವಾದ ಧರ್ಮ ಯಾವುದು? ಅದನ್ನು ಒಪ್ಪದವನಿಗೂ ಒಪ್ಪಿಗೆಯಾಗುವಂತೆ ಸಿದ್ಧಮಾಡಿ ತೋರಿಸಲು ಬರುತ್ತದೆಯೇ?

ಹಿರಿಯರು ಇದಕ್ಕೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರವನ್ನು ಕೊಡುವುದುಂಟು. ಅಕಲಂಕಸ್ವಾಮಿಗಳು ಬೌದ್ಧರನ್ನು ವಾದದಲ್ಲಿ ಗೆದ್ದ ಕಥೆಯನ್ನು ಹೇಳಿ ಅಲ್ಲಿಗೆ ಪ್ರಶ್ನೆ ತೀರಿತೆನ್ನುವುದು ಒಂದು. ಸ್ಯಾದ್ವಾದದ ಹೆಸರೆತ್ತಿ ಎಲ್ಲ ಮತಗಳೂ ಒಂದೇ ಎಂದುಬಿಡುವುದು ಇನ್ನೊಂದು. ಮೊದಲನೆಯದು ಕೇಳಿದ ಮಗುವನ್ನು ಸುಮ್ಮನಾಗಿಸುತ್ತದೆ, ಒಪ್ಪಿಸುವುದಿಲ್ಲ. ಎರಡನೆಯದನ್ನು ಕೇಳಿದ ಮಗು, ಹಾಗಾದರೆ ಬಸದಿಗೆ ಏಕೆ ಹೋಗಬೇಕೆಂದು ಕೇಳಿದರೆ ತಪ್ಪೆನ್ನಲಾಗದು. ಕನ್ನಡನಾಡಿನ ಶಾಸನಗಳನ್ನು ಓದಿದವರಿಗೆ ಈ ಎರಡೂ ಉತ್ತರಗಳ ಕೊರತೆ ಕಾಣದಿರದು.

ಧರ್ಮದ ಸತ್ಯವನ್ನು ಪ್ರತ್ಯಕ್ಷವಾಗಿ ಸಿದ್ಧಪಡಿಸುವ ಪ್ರಯತ್ನ ಈ ನಾಡಿನಲ್ಲಿ ನಡೆದಿದೆ. ಅದರ ಪ್ರಸಿದ್ಧ ದಾಖಲೆ ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 1200ರ ಶಾಸನ. ಏಕಾಂತದ ರಾಮಯ್ಯನೆಂಬ ಶಿವಭಕ್ತನಿಗೂ ಸಂಕಗಾವುಂಡನ ಮುಂದಾಳುತನದ ಜೈನರಿಗೂ ಅಲ್ಲಿ ವಿವಾದ ಹುಟ್ಟಿತು. ತನ್ನ ಶಿರಸ್ಸನ್ನು ಕತ್ತರಿಸಿ ಶಿವನಿಗೆ ಅರ್ಪಿಸಿ ಮತ್ತೆ ಪಡೆಯುವುದಾಗಿಯೂ, ಹಾಗಾದರೆ ಜೈನರು ತಮ್ಮ ಜಿನಬಿಂಬವನ್ನು ತೆಗೆದು ಶಿವನನ್ನು ಸ್ಥಾಪಿಸಬೇಕೆಂದೂ ರಾಮಯ್ಯ ಪಣವೊಡ್ಡಿ, ಅವರಿಂದ ಓಲೆಯನ್ನು ಬರೆಸಿಕೊಂಡನು. ತಲೆ ಕಡಿಯಲಾಯಿತು, ಏಳನೆಯ ದಿನ ಅದು ಮತ್ತೆ ಕೂಡಿತು ಎನ್ನುತ್ತದೆ ಶಾಸನ. ಜೈನರು ಮಾತಿಗೆ ತಪ್ಪಲು ರಾಮಯ್ಯನೇ ಬಿಂಬವನ್ನು ಮುರಿದನು. ದೂರು ಬಿಜ್ಜಳನವರೆಗೆ ಹೋಯಿತು. ರಾಮಯ್ಯ ಓಲೆಯನ್ನು ತೋರಿಸಿ, ಪುಲಿಗೆರೆಯ ಆನೆಸೆಜ್ಜೆಯ ಬಸದಿಯೇ ಮೊದಲಾದವನ್ನು ಪಣಕ್ಕಿಟ್ಟರೆ ಇನ್ನೊಮ್ಮೆ ತಲೆ ಕೊಡಲು ಸಿದ್ಧನೆಂದನು. ಜೈನರು ಒಪ್ಪಲಿಲ್ಲ. ಸಾಹಿತ್ಯ ಪರಂಪರೆ ಜೈನನೆಂದು ಹೇಳುವ ಅದೇ ಬಿಜ್ಜಳ ರಾಮಯ್ಯನಿಗೆ ಜಯಪತ್ರವನ್ನಿತ್ತನು. ಗುಡಿಯಲ್ಲಿ ಈ ಪ್ರಸಂಗದ ಶಿಲ್ಪಗಳೂ ಇವೆ.

ಇದನ್ನು ಓದಿದ ಜೈನನಿಗೆ ನಗುವೋ ಕೋಪವೋ ಬರಬಹುದು. ಆದರೆ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಪಾರ್ಶ್ವನಾಥ ಬಸದಿಯ ಕಂಬದ ಮೇಲಿರುವ, ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿಯನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು. ಹಿಮಶೀತಲನೆಂಬ ರಾಜನ ಸಭೆಯಲ್ಲಿ ಅಕಲಂಕರು ಬೌದ್ಧರನ್ನು ಗೆದ್ದರೆಂದೂ, ಘಟದಲ್ಲಿ ಅಡಗಿ ಕುಳಿತಿದ್ದ ತಾರಾದೇವಿಯನ್ನು ಸೋಲಿಸಿ ಆ ಘಟವನ್ನು ಕಾಲಿನಿಂದ ಒಡೆದರೆಂದೂ ಅದು ಹೇಳುತ್ತದೆ. ಅಹಂಕಾರದಿಂದಲ್ಲ, ದ್ವೇಷದಿಂದಲ್ಲ, ನೈರಾತ್ಮ್ಯವಾದದಿಂದ ಕೆಡುತ್ತಿರುವ ಜನರ ಮೇಲಿನ ಕರುಣೆಯಿಂದ ಹಾಗೆ ಮಾಡಿದರೆಂಬ ಮಾತೂ ಅಲ್ಲಿದೆ. ಆ ಕರುಣೆಯ ಮಾತು ಘನವಾದುದು. ಆದರೂ ಅಕಲಂಕರು ಎಂಟನೆಯ ಶತಮಾನದವರು, ಬರಹ ಹನ್ನೆರಡನೆಯ ಶತಮಾನದ್ದು. ಅಬ್ಬಲೂರಿನ ಬರಹವೂ ಬಿಜ್ಜಳನ ಆಳ್ವಿಕೆ ಮುಗಿದು ಮೂರು ದಶಕಗಳಾದ ಮೇಲಿನದು. ಎರಡನ್ನೂ ಬರೆಸಿದವರು ಗೆದ್ದ ಪಕ್ಷದವರೇ. ಸೋತವರ ರುಜು ಎಲ್ಲಿಯೂ ಇಲ್ಲ. ಒಂದೇ ಪಕ್ಷದವನು ಬರೆದ ಲೆಕ್ಕವನ್ನು ಎದುರಾಳಿಯ ಖಾತೆಯೊಡನೆ ತಾಳೆ ನೋಡದೆ ಯಾವ ವರ್ತಕನೂ ಅಂಗೀಕರಿಸುವುದಿಲ್ಲ. ಶಿರಸ್ಸಿನ ಕಥೆಗೆ ಒಂದು ಅಳತೆ, ಘಟದ ಕಥೆಗೆ ಇನ್ನೊಂದು ಅಳತೆ ಹಿಡಿಯುವುದು ನ್ಯಾಯವಲ್ಲ.

ಇಂತಹ ಪ್ರಮಾಣಗಳು ಸಾಲವೆಂದು ಮೊದಲೇ ಹೇಳಿದವರು ಹೊರಗಿನವರಲ್ಲ, ಸಮಂತಭದ್ರಾಚಾರ್ಯರು. ದೇವಾಗಮಸ್ತೋತ್ರವೆಂದೂ ಹೆಸರಾದ ಅವರ ಆಪ್ತಮೀಮಾಂಸೆಯಲ್ಲಿ 114 ಶ್ಲೋಕಗಳಿವೆ. ದೇವತೆಗಳು ಬಂದು ಸೇವಿಸುವುದು, ಆಕಾಶದಲ್ಲಿ ನಡೆಯುವುದು, ಚಾಮರದ ವೈಭವ ಇವೆಲ್ಲ ಮಾಯಾವಿಗಳಲ್ಲಿಯೂ ಕಾಣುತ್ತವೆ; ಇವುಗಳಿಂದ ಜಿನನು ದೊಡ್ಡವನೆಂದು ಒಪ್ಪಲಾಗದು ಎಂಬ ಭಾವದಿಂದಲೇ ಅದು ಆರಂಭವಾಗುತ್ತದೆ. ಸ್ತುತಿಯೊಂದು ಹೀಗೆ ಸ್ತುತ್ಯನನ್ನೇ ಪರೀಕ್ಷೆಗೆ ನಿಲ್ಲಿಸುವುದು ಅಪೂರ್ವ. ಆಚಾರ್ಯರ ಪ್ರಕಾರ ಆಪ್ತನೆನಿಸುವವನು ನಿರ್ದೋಷಿಯಾಗಿರಬೇಕು. ಅವನ ವಚನವು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಾಗಿರಬಾರದು. ಇದೇ ಗ್ರಂಥಕ್ಕೆ ಅಷ್ಟಶತೀ ಎಂಬ ವ್ಯಾಖ್ಯಾನವನ್ನು ಬರೆದವರು ಅಕಲಂಕರು. ಘಟ ಒಡೆದ ಕಥೆಯ ನಾಯಕರು ಬದುಕನ್ನು ಸವೆಸಿದ್ದು ಈ ಪರೀಕ್ಷೆಯ ಮಾರ್ಗದಲ್ಲಿ ಎಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ.

ಹಾಗಾದರೆ ಯುಕ್ತಿಯಿಂದ ವಿಷಯ ಇತ್ಯರ್ಥವಾಯಿತೆ? ಸೂಕ್ಷ್ಮವಾದ, ಕಾಲದಿಂದ ಮರೆಯಾದ, ದೂರದಲ್ಲಿರುವ ವಸ್ತುಗಳು ಅನುಮಾನಕ್ಕೆ ವಿಷಯವಾಗುವುದರಿಂದ ಯಾರೋ ಒಬ್ಬನಿಗೆ ಪ್ರತ್ಯಕ್ಷವಾಗಿರಲೇಬೇಕು ಎಂಬುದು ಸರ್ವಜ್ಞಸಿದ್ಧಿಗೆ ಸಮಂತಭದ್ರರು ಕೊಡುವ ಯುಕ್ತಿ. ಅನುಮಾನದಿಂದ ತಿಳಿದ ಬೆಂಕಿಯನ್ನು ಹತ್ತಿರವಿದ್ದವನು ಕಣ್ಣಾರೆ ಕಾಣುವಂತೆ ಇದು. ಮೀಮಾಂಸಕರು ಇಲ್ಲಿಯೇ ತಡೆದರು. ಸರ್ವಜ್ಞನೊಬ್ಬನಿದ್ದಾನೆಂದು ಇಟ್ಟುಕೊಂಡರೂ ಅವನು ಜಿನನೋ, ಬುದ್ಧನೋ, ಕಪಿಲನೋ? ಎಲ್ಲರೂ ಸರ್ವಜ್ಞರಾದರೆ ಅವರ ಮಾತುಗಳು ಪರಸ್ಪರ ಏಕೆ ಹೊಂದುವುದಿಲ್ಲ? ಈ ಆಕ್ಷೇಪ ಲಘುವಾದುದಲ್ಲ. ಏಕಾಂತವಾದಗಳು ತಮ್ಮೊಳಗೇ ವಿರೋಧಿಸಿಕೊಳ್ಳುತ್ತವೆ, ಅನೇಕಾಂತವು ವಿರೋಧಿಸಿಕೊಳ್ಳುವುದಿಲ್ಲ ಎಂದು ಆಚಾರ್ಯರು ಉತ್ತರಿಸಿದರು. ವಿದ್ಯಾನಂದರು ಅಷ್ಟಸಹಸ್ರೀ ಎಂಬ ಮಹಾವ್ಯಾಖ್ಯಾನದಲ್ಲಿ ಅದನ್ನು ವಿಸ್ತರಿಸಿದರು. ಓದಿದ ಜೈನನಿಗೆ ಅದು ಸಮರ್ಥವಾದ ಉತ್ತರವೆಂದೇ ತೋರುತ್ತದೆ. ಆದರೆ ಅದನ್ನು ಓದಿದ ಮೀಮಾಂಸಕರೂ ನೈಯಾಯಿಕರೂ ತಮ್ಮ ದರ್ಶನವನ್ನು ಬಿಡಲಿಲ್ಲ, ಅವರು ಮಂದಮತಿಗಳೂ ಆಗಿರಲಿಲ್ಲ. ಕಾರಣ ಕೊಟ್ಟು ನಂಬುವುದು ಬೇರೆ, ಎದುರಾಳಿ ತಲೆಬಾಗಲೇಬೇಕಾದ ಸಿದ್ಧಿ ಬೇರೆ.

ಸ್ಯಾದ್ವಾದವು ಎಲ್ಲ ಮಾತೂ ಸಮವೆನ್ನುತ್ತದೆಂಬ ತಿಳಿವಳಿಕೆಯೂ ಸರಿಯಲ್ಲ. ಒಂದು ನಯದಿಂದ ಹೇಳಿದ ಮಾತು ಆ ನಯದ ಮಿತಿಯಲ್ಲಿ ಸತ್ಯ. ಅದೇ ಪೂರ್ಣವೆಂದು ಹಟ ಹಿಡಿದಾಗ ಅದು ದುರ್ನಯ. ಎಲ್ಲವೂ ಒಂದೇ ಎನ್ನುವುದಾಗಿದ್ದರೆ ಸಮಂತಭದ್ರರು ಏಕಾಂತಗಳನ್ನು ಒಂದೊಂದಾಗಿ ಪರೀಕ್ಷಿಸಿ 114 ಶ್ಲೋಕ ಬರೆಯುವ ಶ್ರಮವನ್ನು ವಹಿಸುತ್ತಿರಲಿಲ್ಲ.

ಸಿದ್ಧಿಯೂ ಸಾಧ್ಯವಿಲ್ಲ, ಎಲ್ಲವೂ ಒಂದೇ ಎನ್ನಲೂ ಬಾರದು. ಹಾಗಿರುವಾಗ ಭಿನ್ನ ದರ್ಶನದವರು ಒಂದೇ ಬೀದಿಯಲ್ಲಿ ಬಾಳುವುದು ಹೇಗೆ? ಇದಕ್ಕೆ ಉತ್ತರವಾಗಿ ಒಂದು ಕಲ್ಲು ಪಶ್ಚಿಮ ಬೆಂಗಳೂರಿಗೆ ದೂರವಿಲ್ಲದ ಸ್ಥಳದಲ್ಲಿಯೇ ಇದೆ. ವಿಜಯನಗರದ ಟೋಲ್‌ಗೇಟ್, ಕಾಮಾಕ್ಷಿಪಾಳ್ಯ, ಸುಂಕವನ್ನು ಹೆಸರಿನಲ್ಲಿಯೇ ಹೊತ್ತ ಸುಂಕದಕಟ್ಟೆ ಇವುಗಳನ್ನು ದಾಟಿ ಹೋಗುವ ಮಾಗಡಿ ರಸ್ತೆ ಮುಟ್ಟುವ ಸೀಮೆಯಲ್ಲಿ, ಮಾಗಡಿ ತಾಲ್ಲೂಕಿನ ಕಲ್ಯ ಎಂಬ ಊರಿದೆ. ಶಾಸನಗಳ ಕಲ್ಲೆಹ ಇದೇ. ವೀರಶೈವ ಕವಿ ಪಾಲ್ಕುರಿಕೆ ಸೋಮನಾಥನು ಐಕ್ಯನಾದ ಸ್ಥಳವೆಂದು ಪರಂಪರೆ ಹೇಳುವ ಈ ಊರು ಹಿಂದೆ ಜೈನರ ನೆಲೆಯೂ ಆಗಿತ್ತು. ಕ್ರಿ.ಶ. 1368ರಲ್ಲಿ ವಿಜಯನಗರದ ಬುಕ್ಕರಾಯನು ನೀಡಿದ ತೀರ್ಪಿನ ಒಂದು ಪ್ರತಿ ಕಲ್ಯದಲ್ಲಿಯೂ, ಪ್ರಸಿದ್ಧವಾದ ಪ್ರತಿ ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿಯಲ್ಲಿಯೂ ಇವೆ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಭವ್ಯರು, ಎಂದರೆ ಜೈನರು, ಶ್ರೀವೈಷ್ಣವ ಭಕ್ತರಿಂದ ತಮಗಾಗುತ್ತಿರುವ ಅನ್ಯಾಯವನ್ನು ರಾಯನಲ್ಲಿ ಬಿನ್ನವಿಸಿಕೊಂಡರು. ಜಗಳವಿದ್ದದ್ದು ಕಲಶ ಮತ್ತು ಪಂಚಮಹಾವಾದ್ಯಗಳ ಹಕ್ಕಿನ ಮೇಲೆ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು, ಹದಿನೆಂಟು ನಾಡುಗಳ ಶ್ರೀವೈಷ್ಣವರು, ತಿರುಕುಲ ಜಾಂಬವಕುಲದವರು ಎಲ್ಲರನ್ನೂ ಕೂಡಿಸಿ ರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇರಿಸಿದನು. ಎರಡು ದರ್ಶನಗಳಿಗೂ ಭೇದವಿಲ್ಲ, ಜೈನರಿಗೆ ಕಲಶವೂ ವಾದ್ಯವೂ ಹಿಂದಿನಂತೆ ಸಲ್ಲತಕ್ಕದ್ದು, ಜೈನದರ್ಶನಕ್ಕೆ ಭಕ್ತರಿಂದಾಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮ ದರ್ಶನದ ಹಾನಿವೃದ್ಧಿಯೆಂದೇ ಎಣಿಸಬೇಕು ಎಂದು ವಿಧಿಸಿದನು.

ಭೇದವಿಲ್ಲವೆಂಬ ಮಾತನ್ನು ಭಾಷಣಗಳಲ್ಲಿ ಎತ್ತಿಕೊಳ್ಳುವವರು ಅದೇ ಕಲ್ಲಿನ ಆರಂಭವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅಲ್ಲಿರುವುದು ರಾಮಾನುಜರ ಸ್ತುತಿ. ಅವರನ್ನು ಪಾಷಂಡರೆಂಬ ಸಮುದ್ರವನ್ನು ಸುಡುವ ಬಡಬಾಗ್ನಿಯೆಂದು ಅದು ಹೊಗಳುತ್ತದೆ. ಪಾಷಂಡರ ಗುಂಪಿನಲ್ಲಿ ಜೈನರೂ ಸೇರುತ್ತಾರೆಂಬುದು ಆ ಕಾಲದವರಿಗೆ ತಿಳಿಯದ್ದಲ್ಲ. ಅಂದರೆ ವೈಷ್ಣವರು ತಮ್ಮ ಸಿದ್ಧಾಂತವನ್ನು ಎಳ್ಳಷ್ಟೂ ಬಿಟ್ಟುಕೊಡಲಿಲ್ಲ. ಬಿಡಬೇಕೆಂದು ರಾಯನೂ ಕೇಳಲಿಲ್ಲ, ಜೈನರೂ ಕೇಳಲಿಲ್ಲ. ಭೇದವಿಲ್ಲವೆಂದದ್ದು ಮರ್ಯಾದೆಯ ವಿಷಯದಲ್ಲಿ, ತತ್ತ್ವದ ವಿಷಯದಲ್ಲಲ್ಲ. ಯಾವ ದರ್ಶನ ನಿಜವೆಂಬ ತೀರ್ಪನ್ನು ಆ ಅರಸನು ಕೊಡಲೇ ಇಲ್ಲ. ಬಿಜ್ಜಳನು ಜಯಪತ್ರ ಕೊಟ್ಟ ಕಡೆ ಬುಕ್ಕನು ಕೈಗೆ ಕೈ ಕೊಟ್ಟನು.

ಮುಂದಿನ ಏರ್ಪಾಡು ಬಹಳ ಲೌಕಿಕವಾದುದು. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನಿಟ್ಟು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಹೊಣೆಯನ್ನು ಹೊತ್ತವನು ತಿರುಮಲೆಯ ತಾತಯ್ಯ, ಒಬ್ಬ ಶ್ರೀವೈಷ್ಣವ. ಕಾವಲಿನ ಖರ್ಚು ಕಾವಲು ಬೇಕಾದವರ ಮೇಲೆಯೇ ಬಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಜೈನರು ಆಗ ದುರ್ಬಲರಾಗಿದ್ದರು. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬಸುವಿಸೆಟ್ಟಿ ಬುಕ್ಕರಾಯನಲ್ಲಿ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನೆಂದು ಶಾಸನದ ಕೊನೆಯ ಭಾಗದಲ್ಲಿದೆ. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ವಾದದಲ್ಲಿ ಗೆದ್ದು ಪಡೆದ ಬಿರುದು ಇದಲ್ಲ. ಸೋತವರಿಲ್ಲದ ಕಡೆ ಎರಡು ಪಕ್ಷವೂ ಸೇರಿ ಕೊಟ್ಟ ಬಿರುದು.

ಇದೇ ರೀತಿಯ ಇನ್ನೊಂದು ಪ್ರಸಂಗ ಕ್ರಿ.ಶ. 1638ರ ಹಳೇಬೀಡಿನದು. ಅಲ್ಲಿಯ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆಯನ್ನೊತ್ತಿದನು, ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ವೀರಶೈವ ಮಹಾಮಹತ್ತಿನವರು ಕೂಡಿ, ಮೊದಲು ವಿಭೂತಿ ವೀಳ್ಯಗಳನ್ನು ಕೊಡಿಸಿ ಆಮೇಲೆ ಜಿನಪೂಜೆಯನ್ನು ಆಚಂದ್ರಾರ್ಕವಾಗಿ ನಡೆಸಿಕೊಳ್ಳಬಹುದೆಂದು ತೀರ್ಮಾನಿಸಿದರು. ಆ ವಿಭೂತಿಯ ಷರತ್ತು ಜೈನರಿಗೆ ಹಿತವಾಗಿದ್ದಿರಲಾರದು. ಒಪ್ಪಿದರು, ಪೂಜೆ ಉಳಿಯಿತು. ಈ ಜಿನಧರ್ಮಕ್ಕೆ ಅಡ್ಡಿಮಾಡಿದವನು ಶಿವನಿಗೂ ಜಂಗಮಕ್ಕೂ ದ್ರೋಹಿ, ವಿಭೂತಿ ರುದ್ರಾಕ್ಷಿಗೆ ತಪ್ಪಿದವನು ಎಂದು ಆ ವೀರಶೈವರೇ ಕಲ್ಲಿನಲ್ಲಿ ಬರೆಯಿಸಿ, ಕೊನೆಯಲ್ಲಿ ಜಿನಶಾಸನವು ವೃದ್ಧಿಸಲೆಂದು ಹಾರೈಸಿದರು.